ಎಚ್ಚರವಿದ್ದ ಕುಂಭಕರ್ಣ

ಊರಿನ ಈ ತುದಿಯಲ್ಲಿ ಒಂದು ಕೋಣೆ, ಆ ತುದಿಯಲ್ಲಿ ಒಂದು ಮೆಷಿನ್ನು, ನಡುವೆ ಒಬ್ಬ ಮನುಷ್ಯ. ಅವನ ಕಥೆ ಇಷ್ಟೇ. ಇಷ್ಟೇ ತಾನೇ ಎಂದು ಎದ್ದು ಹೋಗಬೇಡಿ, ನಡುವಿನ ದಾರಿ ಉದ್ದವಿದೆ.

ಮೆಷಿನ್ನು ಕಾಜಾ ಹಾಕುವುದು. ಅಂಗಿಯ ಗುಂಡಿ ತೂರಿಸುವ ಸೀಳಿಗೆ ಕಾಜಾ ಎನ್ನುತ್ತಾರಲ್ಲ, ಅದು. ಎದೆಯ ಪಟ್ಟಿಗೆ ಆರು ಉದ್ದ, ಕಾಲರಿಗೆ ಒಂದು ಅಡ್ಡ. ಸೂಜಿ ಸುತ್ತಲೂ ದಾರ ಹೊಲಿದು ಮುಗಿಸುತ್ತಿದ್ದಂತೆ ಪುಟ್ಟ ಕತ್ತಿಯೊಂದು ಟಕ್ಕೆಂದು ಇಳಿದು ನಡುವೆ ಸೀಳುತ್ತದೆ. ಕೈ ಕೂದಲೆಳೆಯಷ್ಟು ಜರುಗಿದರೂ ಅಂಗಿ ಹಾಳು. ಹತ್ತೊಂಬತ್ತು ವರ್ಷದಲ್ಲಿ ಅವನ ಕೈ ಜರುಗಿದ್ದು ಬೆರಳೆಣಿಕೆಯಷ್ಟು ಸಲ. ಹಾಗಾಗಿ ಆ ಗಾರ್ಮೆಂಟ್ಸಿನಲ್ಲಿ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಕಾಜಾ ಅಣ್ಣ. ಮೆಷಿನ್ನು ಗೋಡೆಗೆ ಮುಖ ಮಾಡಿಕೊಂಡಿತ್ತು, ಅದರ ಮುಂದೆ ಕೂತವನೂ ಗೋಡೆಗೇ ಮುಖ ಮಾಡಬೇಕು. ಅದರ ಸದ್ದಿನಲ್ಲಿ ಪಕ್ಕದವರ ಮಾತು ಕಿವಿಗೆ ಬೀಳುತ್ತಿರಲಿಲ್ಲ.

ಕೋಣೆಯೋ, ಮೂರನೇ ಮಹಡಿಯ ಮೇಲಿನದು. ಮೊದಲು ಅಕ್ಕನೂ ಜೊತೆಗಿದ್ದಳು. ಬೆಳಿಗ್ಗೆ ಭುಜ ಅಲುಗಾಡಿಸಿ ಎಬ್ಬಿಸುವವಳು ಅವಳೇ. ಅಲಾರಾಂ ಹೇಗೆ ಕೂಗುತ್ತದೆಂದು ಅವನಿಗೆ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಮಗಳ ಹೆರಿಗೆಗೆಂದು ಹೋದ ಅಕ್ಕ ಮೊಮ್ಮಗಳಿಗೆ ಅಂಟಿಕೊಂಡು ಅಲ್ಲೇ ಉಳಿದಳು. ಭಾನುವಾರ ಫೋನು ಮಾಡುತ್ತಾಳೆ.

"ಊಟ ಆಯ್ತೇನೋ?"

"ಆಯ್ತಕ್ಕ."

"ಏನ್ ಮಾಡ್ಕೊಂಡಿದ್ದೆ?"

"ಇದ್ದಿದ್ದೇ."

"ಸರಿ ಬಿಡು, ಮಗು ಎದ್ದು ಕೂತ್ಲು. ಇಡ್ಲಾ?"

ವಾರದ ಮಾತು ಅಲ್ಲಿಗೆ ಮುಗಿಯಿತು.

ಅಕ್ಕ ಹೋದ ಹೊಸತರಲ್ಲಿ ಅವನಿಗೆ ಹಾಸಿಗೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಏಳು ಹತ್ತರ ಬಸ್ಸಿನಲ್ಲಿ, ಕಿಟಕಿಗೆ ತಲೆ ಆನಿಸಿದವನು ಹಾಗೇ ನಿದ್ದೆಹೋದ. ಅವನು ದಿನಾ ಇಳಿಯುವ ಸ್ಟಾಪು ಕಂಡಕ್ಟರಿಗೆ ಗೊತ್ತಿತ್ತು. ಕಂಡಕ್ಟರು ಬಲು ಬಾಯಿಬಡುಕ. ಬಂದು ಭುಜವನ್ನು ಎರಡು ಸಲ ತಟ್ಟಿ, ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ:

"ಕುಂಭಕರ್ಣ ಸಾರ್, ಏಳಿ! ನಿಮ್ಮ ಲಂಕೆ ಬಂತು!"

ಬಸ್ಸೆಲ್ಲ ನಕ್ಕಿತು. ಅವನು ನಾಚಿ, ಬಾಯಿ ಒರೆಸಿಕೊಂಡು ಇಳಿದ. ಆದರೆ ಕಂಡಕ್ಟರು ತಟ್ಟಿದ ಜಾಗ ಮಧ್ಯಾಹ್ನದವರೆಗೂ ಬೆಚ್ಚಗಿತ್ತು.

ಮಾರನೆಯ ದಿನ ನಿದ್ದೆ ಬರಲಿಲ್ಲ. ಬರಲಿಲ್ಲವಾದರೂ, ಎರಡು ಸ್ಟಾಪು ಮೊದಲೇ ಅವನು ಕಣ್ಣು ಮುಚ್ಚಿದ. ಭುಜದ ಮೇಲೆ ಕೈ ಬಿತ್ತು. "ಏಳಿ ಸಾರ್, ಲಂಕೆ!" ಅದರ ಮಾರನೆಯ ದಿನವೂ ಹಾಗೆಯೇ. ಕತ್ತು ಎಷ್ಟು ವಾಲಬೇಕು, ಬಾಯಿ ಎಷ್ಟು ತೆರೆದಿರಬೇಕು, ತಟ್ಟಿದ ಮೇಲೆ ಎಷ್ಟು ಹೊತ್ತಿಗೆ ಬೆಚ್ಚಬೇಕು, ಎಲ್ಲ ಕಲಿತ. ಹೀಗೆ ಆರು ವರ್ಷ ಸಂದವು. ದಿನಕ್ಕೊಮ್ಮೆ ಒಬ್ಬ ಮನುಷ್ಯ ಅವನನ್ನು ಮುಟ್ಟಿ ಎಬ್ಬಿಸುತ್ತಿದ್ದ. ಬೇರೆ ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ದಾರಿಯಲ್ಲಿನ ಸೇತುವೆ ರಿಪೇರಿಗೆ ಬಂತು. ಬಸ್ಸು ಸುತ್ತಿಬಳಸಿ ಹೋಗತೊಡಗಿತು. ಗಾರ್ಮೆಂಟ್ಸಿನ ಗೇಟು ಎಂಟೂವರೆಗೆ, ಬಸ್ಸು ಮುಟ್ಟುವುದು ಮಾತ್ರ ಅದಕ್ಕೆ ಇಷ್ಟವಾದಾಗ. ಏಳು ಹತ್ತರದಕ್ಕಿಂತ ಮುಂಚಿನ ಬಸ್ಸು ಆ ಕಡೆ ಹೋಗುತ್ತಿರಲಿಲ್ಲ. ಲೈನ್ ಇನ್‌ಚಾರ್ಜ್ ಕರೆದು ಹೇಳಿದರು:

"ಕಾಜಾ ಅಣ್ಣ, ಈ ತಿಂಗಳಲ್ಲಿ ಎರಡು ಲೇಟಾಯ್ತು. ಮೂರನೇದಾದ್ರೆ ಮೆಷಿನ್ ಬೇರೆಯವರಿಗೆ, ನೀವು ದಾರ ಕತ್ತರಿಸೋ ಟೇಬಲ್ಲಿಗೆ. ಬೇಜಾರು ಮಾಡ್ಕೋಬೇಡಿ, ನನಗೂ ಮೇಲಿನೋರಿದ್ದಾರೆ."

ಇಸ್ತ್ರಿ ಮಾಡುವ ಹೆಂಗಸು ಇದನ್ನು ಕೇಳಿಸಿಕೊಂಡು ಬಂದಳು.

"ನಮ್ಮನೆಯವ್ರ ಸೈಕಲ್ ಮೆಟ್ಲ ಕೆಳಗೆ ತುಕ್ಕು ಹಿಡೀತಿದೆ. ತಗೊಂಡ್ಹೋಗಣ್ಣ."

"ಅವರಿಗೆ ಬೇಡ್ವಾ?"

"ಅವರಿಗಾ? ಹತ್ತಿದ್ರೆ ಹೊಟ್ಟೆ ಹ್ಯಾಂಡಲ್ಲಿಗೆ ತಾಗುತ್ತೆ! ತಗೋ ಅಣ್ಣ, ಸೈಕಲ್ಲೇನು ಕಚ್ಚಲ್ಲ."

ಕಾಲುವೆಯ ಪಕ್ಕದ ರಸ್ತೆ ಹಿಡಿದರೆ ಸೈಕಲ್ಲಿಗೆ ಐವತ್ತೇ ನಿಮಿಷ. ಬಸ್ಸಿಗೆ ಒಂದೂಕಾಲು ಗಂಟೆ, ಕೆಲವು ದಿನ ಅದಕ್ಕೂ ಮೇಲೆ. ಯಾರನ್ನು ಕೇಳಿದರೂ ಸೈಕಲ್ಲೇ ಎನ್ನುತ್ತಾರೆ. ಅವನು ತನ್ನನ್ನೇ ಕೇಳಿಕೊಂಡಾಗಲೂ ಅದೇ ಉತ್ತರ ಬಂತು. ಭುಜವನ್ನು ಕೇಳಿದ್ದರೆ ಬೇರೆ ಮಾತು.

ಒಂದು ವಾರ ಸೈಕಲ್ ತುಳಿದ. ತೊಡೆ ಕಲ್ಲಾಯಿತು, ಆದರೆ ದಿನವೂ ಹೊತ್ತಿಗೆ ಮುಂಚೆಯೇ ಮುಟ್ಟಿದ. "ಕಾಜಾ ಅಣ್ಣನಿಗೆ ಪ್ರಾಯ ಬಂತು ಕಣ್ರೇ!" ಎಂದು ಹೆಂಗಸರು ಚುಡಾಯಿಸಿದರು. ಅದೆಲ್ಲ ಸರಿ. ಆ ಕಾಲುವೆ ರಸ್ತೆ ಮಾತ್ರ ಬಲು ಮೌನಿ. ಒಂದು ಕಡೆ ನಿಂತ ನೀರು, ಇನ್ನೊಂದು ಕಡೆ ಗೋದಾಮುಗಳ ಬೆನ್ನು. ನಾಯಿಗಳೂ ಒಂದು ಸಲ ತಲೆಯೆತ್ತಿ ನೋಡಿ, ಬೊಗಳುವಷ್ಟು ದೊಡ್ಡ ಮನುಷ್ಯನಲ್ಲ ಎಂದುಕೊಂಡು ಮತ್ತೆ ಮಲಗುತ್ತಿದ್ದವು. ಎದುರಿಗೆ ಯಾರಿಲ್ಲದಿದ್ದರೂ ಅವನು ಆಗಾಗ ಬೆಲ್ಲು ಹೊಡೆಯುತ್ತಿದ್ದ.

ಶನಿವಾರ ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಅವನ ಬಸ್ಸೇ ಬಂದು ಪಕ್ಕಕ್ಕೆ ನಿಂತಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಕೈ ಎತ್ತಿ ಕೂಗಿದ:

"ಓಹೋ ಕುಂಭಕರ್ಣ ಸಾರ್! ಸವಾರಿ ಜೋರು!"

ಅಷ್ಟೇ ಸಾಕಾಯಿತು. ಎರಡು ದಿನ ಅದನ್ನೇ ಮೆಲುಕು ಹಾಕಿದ. ಅವನಿಗೂ ನಾನಿಲ್ಲದೆ ಬಸ್ಸು ಬಣಬಣ ಅನ್ನಿಸಿರಬೇಕು ಅಂದುಕೊಂಡ. ಸೋಮವಾರ ಸೈಕಲ್ಲಿಗೆ ಬೀಗ ಹಾಕಿ, ಒಂದೇ ಒಂದು ದಿನ ಎಂದು ಏಳು ಹತ್ತರ ಬಸ್ಸು ಹತ್ತಿದ. ಮೂರನೇ ಲೇಟಿನ ಭಯ ಇತ್ತು. ಇದ್ದರೂ ಹತ್ತಿದ.

ಅದೃಷ್ಟವೋ ಏನೋ, ಅಂದು ರಸ್ತೆ ಖಾಲಿ. ಗಡಿಯಾರ ನೋಡಿದ, ಹೊತ್ತಿಗೆ ಸರಿಯಾಗಿ ಮುಟ್ಟುವ ಹಾಗಿತ್ತು. ಕಂಡಕ್ಟರು ಪಾಸು ನೋಡಿ ತಲೆಯಾಡಿಸಿ ಮುಂದಕ್ಕೆ ಹೋದ. ಎರಡು ಸ್ಟಾಪು ಮೊದಲು ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಗೂ ದಾರಿ ಗೊತ್ತು: ಎರಡು ಉಬ್ಬು, ಆಮೇಲೆ ಟೈರಂಗಡಿಯ ರಬ್ಬರಿನ ವಾಸನೆ, ಆಮೇಲೆ ಬ್ರೇಕು. ಬಸ್ಸು ನಿಂತಿತು. ಜನ ಇಳಿದರು. ಈಗ ಬರುತ್ತಾನೆ, ಎಂದು ಕಾದ.

"ರೈಟ್, ರೈಟ್!"

ಬಸ್ಸು ಹೊರಟಿತು.

ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಎದ್ದು "ಹೋಲ್ಡಾನ್" ಎಂದು ಒಂದು ಕೂಗು ಹಾಕಿದ್ದರೆ ಹತ್ತು ಮಾರು ದೂರದಲ್ಲಿ ಬಸ್ಸು ನಿಲ್ಲುತ್ತಿತ್ತು. ಕಣ್ಣು ಬಿಡಲಿಲ್ಲ. ತಡವಾಗಿಯಾದರೂ ನೆನಪಾಗಿ ಬಂದಾನು ಎಂದು ಇನ್ನೊಂದು ಸ್ಟಾಪು ಕಾದ. ಮತ್ತೊಂದು ಕಾದ. ಸೀಟುಗಳು ಒಂದೊಂದಾಗಿ ಖಾಲಿಯಾಗುವುದು ಕಿವಿಗೆ ಕೇಳುತ್ತಿತ್ತು. ಕೊನೆಗೆ ಇಂಜಿನ್ನೇ ನಿಂತುಹೋಯಿತು.

"ಅಯ್ಯಯ್ಯೋ, ಕುಂಭಕರ್ಣ ಸಾರ್!" ಕಂಡಕ್ಟರು ಹಣೆ ಚಚ್ಚಿಕೊಂಡ. "ನಾನು ಎಬ್ಬಿಸ್ಲೇ ಇಲ್ವಾ? ಒಂದು ವಾರ ನೀವಿರ್ಲಿಲ್ಲ ನೋಡಿ, ಅಭ್ಯಾಸ ತಪ್ಪೋಯ್ತು."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಆರು ವರ್ಷದ ಅಭ್ಯಾಸ, ಆರು ದಿನಕ್ಕೆ ತಪ್ಪಿತ್ತು, ಅಷ್ಟೇ.

"ಪರವಾಗಿಲ್ಲ. ನಾನು ನಿದ್ದೆ ಮಾಡಿರ್ಲಿಲ್ಲ."

"ಹಾಂ? ಮತ್ತೆ ಇಳೀಬೇಕಿತ್ತಲ್ಲ ಸಾರ್?"

ಅಷ್ಟರಲ್ಲಿ ಡ್ರೈವರು ಕೆಳಗಿನಿಂದ ಕೂಗಿದ, "ಬಾರಯ್ಯ, ಟೀ ಆರೋಗುತ್ತೆ!"

"ಕೂತಿರಿ ಸಾರ್, ಇಪ್ಪತ್ತು ನಿಮಿಷಕ್ಕೆ ವಾಪಸ್ ಹೊರಡ್ತೀವಿ. ಈ ಸಲ ಮರೆಯಲ್ಲ, ಎಬ್ಬಿಸ್ತೀನಿ," ಎಂದು ನಗುತ್ತ ಕಂಡಕ್ಟರು ಇಳಿದುಹೋದ.

ಅವನೂ ಇಳಿದು ಗಾರ್ಮೆಂಟ್ಸಿನ ಕಡೆಗೆ ನಡೆಯತೊಡಗಿದ.

ಮುಟ್ಟುವಾಗ ಒಂಬತ್ತೂವರೆ. ಅವನ ಸ್ಟೂಲಿನ ಮೇಲೆ ಬೇರೊಬ್ಬಳು ಕೂತಿದ್ದಳು. ಇನ್‌ಚಾರ್ಜ್ ಒಳ್ಳೆಯ ಮನುಷ್ಯ, ಸುಳ್ಳನ್ನು ತಾವೇ ಕೈಗಿಟ್ಟರು: "ಬಸ್ ಕೆಟ್ಟೋಯ್ತಾ?"

"ಇಲ್ಲ ಸಾರ್. ಎಚ್ಚರವಾಗೇ ಇದ್ದೆ. ಇಳೀಲಿಲ್ಲ."

ಇನ್‌ಚಾರ್ಜ್ ಬೈಯಲಿಲ್ಲ. ದಾರದ ಟೇಬಲ್ಲಿನ ಕಡೆ ಕೈ ತೋರಿಸಿದರು. ಸಂಜೆಯೊಳಗೆ ಆ ಹೊಸಬಳ ಕೈಯಲ್ಲಿ ಹನ್ನೊಂದು ಅಂಗಿಗಳು ಎದೆಯಲ್ಲಿ ಅಡ್ಡಾದಿಡ್ಡಿ ಸೀಳಿ ಹಾಳಾದವು. ಇನ್‌ಚಾರ್ಜ್ ಬಂದು ಮೆಲ್ಲಗೆ ಹೇಳಿದರು, "ನಾಳೆ ಎಂಟೂವರೆಗೆ ಮೆಷಿನ್ ಮುಂದೆ ಇರಿ. ಇನ್ನೊಂದು ಸಲ ನನ್ನ ಕೈಯಲ್ಲಿಲ್ಲ."

ಮಂಗಳವಾರ ಅವನು ಸೈಕಲ್ಲಿನಲ್ಲಿ ಎಂಟು ಗಂಟೆಗೇ ಬಂದುಬಿಟ್ಟ. ಗೇಟು ಇನ್ನೂ ತೆಗೆದಿರಲಿಲ್ಲ. ಉಳಿಸಿದ ಅರ್ಧ ಗಂಟೆಯನ್ನು ಏನು ಮಾಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ವಾಚ್‌ಮನ್ ಬೀಗದ ಕೈಗೊಂಚಲು ಹಿಡಿದು ಬಂದ.

"ಬಸ್ಸು ಬಿಟ್ಟೇಬಿಟ್ರಾ?"

"ಬಿಟ್ಟೆ."

"ಯಾಕೆ, ಆರಾಮಾಗಿತ್ತಲ್ಲ?"

ಅವನು ಯೋಚಿಸಿದ. ಯಾಕೆ ಎಂದು ಕೇಳಿದವನು ಇವನೊಬ್ಬನೇ. ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು.

"ಅದರಲ್ಲಿ ನಿದ್ದೆ ಬರ್ತಿರ್ಲಿಲ್ಲ."

ವಾಚ್‌ಮನ್ ಗಹಗಹಿಸಿ ನಕ್ಕ. "ಒಳ್ಳೇ ಜೋಕು ಬಿಡಣ್ಣ! ಮತ್ತೇನು, ಸೈಕಲ್ ಮೇಲೆ ಬರುತ್ತಾ?"

ಕಾಜಾ ಅಣ್ಣನೂ ನಕ್ಕ, ಸ್ವಲ್ಪ ತಡವಾಗಿ. ಅಷ್ಟು ಹೊತ್ತಿಗೆ ವಾಚ್‌ಮನ್ ಆಚೆ ತಿರುಗಿ ಗೊಂಚಲಿನಲ್ಲಿ ಬೀಗದ ಕೈ ಹುಡುಕುತ್ತಿದ್ದ.