ಕುವೈಟ್ ಗಾರ್ಡನಿನ ಒಡೆಯ ರೋಹಿದಾಸ

ಕುವೈಟಿನ ರಾಯ್ ಪೇಟೆಯ ಒಂದು ಶೋರೂಮಿನಲ್ಲಿ ಬಚ್ಚಲ ಸಾಮಾನು ಮಾರುತ್ತಿದ್ದ ರೋಹಿದಾಸ ಸಾಲಿಯಾನನಿಗೆ ಮಂಗಳೂರಿನ ಹೊರಗೆ, ಮುಂಡೇಲು ಪದವಿನಲ್ಲಿ, ಒಂದು ಇಡೀ ಗುಡ್ಡವಿತ್ತು. ಇತ್ತು ಎಂದರೆ, ಇದೆ ಎಂದು ಅವನು ಹೇಳುತ್ತಿದ್ದ. ಕಣ್ಣಿನಿಂದ ನೋಡಿರಲಿಲ್ಲ. ಊರಿನ ಒಬ್ಬ ಕಂಟ್ರಾಕ್ಟರನಿಗೆ ಮುಂಗಡ ಕಳಿಸಿದ್ದ, ಗುಡ್ಡಕ್ಕೆ ‘ಕುವೈಟ್ ಗಾರ್ಡನ್’ ಎಂದು ಹೆಸರಿಟ್ಟಿದ್ದ, ಮಾರಲು ಶುರುಮಾಡಿದ್ದ.

ವಾರವಿಡೀ ಅರಬರಿಗೆ ಬಾತ್‌ಟಬ್ಬು ಮಾರುವುದು, ಶುಕ್ರವಾರ ನಮ್ಮವರಿಗೆ ಆ ಟಬ್ಬು ಇಡುವ ಮನೆಯ ಜಾಗ ಮಾರುವುದು. ಗುಡ್ಡದಲ್ಲಿ ನೀರು ಉಂಟೋ ಎಂದು ಒಬ್ಬನೂ ಕೇಳಲಿಲ್ಲ. ಟಬ್ಬಿನ ಬಣ್ಣ ಕೇಳಿದರು.

ಮೈದಾನ್ ಹವಲ್ಲಿಯ ಫ್ಲಾಟಿನಲ್ಲಿ ಅವನ ಬಾಡಿಗೆಯ ಪಾಲುದಾರ ನಾನು. ನನ್ನಲ್ಲಿ ಹಣವಿರಲಿಲ್ಲ, ಹಾಗಾಗಿ ಮೋಸಹೋಗುವ ಯೋಗ್ಯತೆಯೂ ಇರಲಿಲ್ಲ. ಚಹಾ ಮಾಡಿಕೊಡುತ್ತ ವ್ಯಾಪಾರ ನೋಡುತ್ತಿದ್ದೆ. ಒಂದೇ ಕೋಣೆಯಲ್ಲಿ ಆರು ಮಂದಿಯ ನಡುವೆ ಒತ್ತಿಕೊಂಡು ಮಲಗುವವನಿಗೂ ಊರಿನಲ್ಲಿ ಕಾರ್ನರ್ ಸೈಟೇ ಬೇಕು. ರೋಹಿದಾಸ ಯಾರಿಗೂ ಇಲ್ಲವೆಂದವನಲ್ಲ. ನಕ್ಷೆಯಲ್ಲಿ ಇನ್ನೊಂದು ರಸ್ತೆ ಎಳೆಯುತ್ತಿದ್ದ. ಕೊನೆಗೆ ಅವನ ಬಡಾವಣೆಯಲ್ಲಿ ಎಲ್ಲ ಸೈಟೂ ಕಾರ್ನರ್ ಸೈಟೇ ಆಗಿ, ಮನೆಗಿಂತ ರಸ್ತೆಯೇ ಜಾಸ್ತಿಯಾಯಿತು.

ಒಮ್ಮೆ ಊರಿನಿಂದ ಅವನ ಭಾವ ಫೋನಿನಲ್ಲಿ ಹೇಳಿದ: ಆ ಗುಡ್ಡದ ನೆತ್ತಿಯಲ್ಲಿ ನಾಗರತ್ನಮ್ಮ ಅಂತ ಒಬ್ಬ ಮುದುಕಿ ಇದ್ದಾಳೆ, ಮನೆ ಉಂಟು, ಬಾವಿ ಉಂಟು, ಅವಳು ಹುಟ್ಟಿದ್ದೇ ಅಲ್ಲಿ.

“ಎಬ್ಬಿಸಿದರೆ ಆಯಿತಲ್ಲ ಭಾವ, ಅದರಲ್ಲಿ ಎಂತ ಉಂಟು?” ಎಂದು ಫೋನಿಟ್ಟು ನನ್ನ ಕಡೆ ತಿರುಗಿದ. “ಜಾಗ ಖಾಲಿ ಉಂಟು ಮಾರಾಯ.”

ಈ ವಿದ್ಯೆಯನ್ನು ಅವನೇ ಕಂಡುಹಿಡಿದದ್ದಲ್ಲ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, ಅಲ್ಲಿಯ ಕರಾವಳಿಯ ವರ್ತಕರು ರಮ್ಮು, ಸಕ್ಕರೆ, ಬಟ್ಟೆ ಮಾರುತ್ತಲೇ, ಪಶ್ಚಿಮದ ಬೆಟ್ಟಗಳಾಚೆಗಿನ ಕಾಡಿಗೆ ಕಾಗದದ ಮೇಲೆ ಗೆರೆ ಎಳೆದು ಪಾಲು ಮಾರುತ್ತಿದ್ದರಂತೆ. ರದ್ದಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಹಿಡಿದು ಓದಿ ನಾನು ತಿಳಿದದ್ದು. ಆ ಕಾಡಿನಲ್ಲಿ ತಲೆತಲಾಂತರದಿಂದ ಜನ ಬೇಟೆಯಾಡಿಕೊಂಡು, ಜೋಳ ಬೆಳೆದುಕೊಂಡು ಇದ್ದರು. ವರ್ತಕರ ನಕ್ಷೆಯಲ್ಲಿ ಅವರಿಗೆ ಜಾಗವಿರಲಿಲ್ಲ. ನನಗೆ ಸಿಟ್ಟು ಬರುವುದು ಮಾರುವವನ ಮೇಲೆ ಮಾತ್ರವಲ್ಲ. ಅಲ್ಲಿ ಯಾರಿದ್ದಾರೆ ಎಂದು ಕೇಳದೆ ಕೊಳ್ಳುವವನ ಮೇಲೂ. ಖಾಲಿ ಜಾಗ ಎಂಬುದು ದೂರದಲ್ಲಿದ್ದಷ್ಟು ಖಾಲಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದು ಕುವೈಟನ್ನೇ ತನ್ನ ಜಾಗ ಎಂದಿತು.

ಪ್ರತಿ ಶುಕ್ರವಾರ ರೋಹಿದಾಸ ಗಿರಾಕಿಗಳಿಗೆ ಹೇಳುವ ಒಂದು ಮಾತಿತ್ತು: “ನನ್ನ ಮನೆ ಅಂದರೆ ನಿಮ್ಮ ಮನೆ.” ಅವರು ಅದನ್ನು ನಂಬಿದ್ದರು. ಅಹ್ಮದಿಯ ಎಣ್ಣೆ ಕಂಪೆನಿಯ ಕ್ವಾರ್ಟರ್ಸಿಗೆ ಸೈನಿಕರು ನುಗ್ಗಿದಾಗ ಟೆಕ್ನೀಶಿಯನ್ ಡೋಲ್ಫಿ ಪಿಂಟೊ ಹೆಂಡತಿ ಡೊರೊತಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನೇರ ನಮ್ಮಲ್ಲಿಗೆ ಬಂದ. ಲೂಟಿಯಾದ ಹೋಟೆಲಿನಿಂದ ಕ್ಯಾಷಿಯರ್ ಧನರಾಜ್ ಬಂದ. ಅದೇ ಹೋಟೆಲಿನ ಅಡುಗೆಯ ಅಬ್ದುಲ್ ಸಲಾಂ ದೊಡ್ಡ ಪಾತ್ರೆಯೊಂದನ್ನು ತಲೆಯ ಮೇಲೆ ಹೊತ್ತು ಬಂದ. ಒಂದು ವಾರದಲ್ಲಿ ಕುವೈಟ್ ಗಾರ್ಡನಿನ ನಿವಾಸಿಗಳೆಲ್ಲ ಒಡೆಯನ ಫ್ಲಾಟಿನಲ್ಲಿದ್ದರು.

ರೋಹಿದಾಸನ ಕಷ್ಟ ಈಗ ಕೇಳಿ. ಅವನ ಕಫೀಲ್, ಎಂದರೆ ವೀಸಾ ಕೊಟ್ಟ ಅರಬ ಧಣಿ, ಸೌದಿಗೆ ಓಡಿಹೋಗಿದ್ದ. ಶೋರೂಮಿನ ಕಾರನ್ನು ಸೈನಿಕರು ಒಯ್ದಿದ್ದರು. ಬಸ್ರಾ, ಬಗ್ದಾದ್ ದಾಟಿ ಜೋರ್ಡಾನಿಗೆ ಹೋಗಲು ಇದ್ದದ್ದು ಡೋಲ್ಫಿಯ ವ್ಯಾನ್ ಒಂದೇ. ಅದರಲ್ಲಿ ಸೀಟು ಸಿಗದಿದ್ದರೆ ಅವನು ಇಲ್ಲೇ. ಸಿಕ್ಕಿದರೆ, ಯಾರು ಆ ಗುಡ್ಡವನ್ನು ನೋಡಲೇಬಾರದೋ ಅವರ ಜೊತೆಗೇ ಊರಿಗೆ ಹೋಗಬೇಕು.

ಹೊರಡುವ ಹಿಂದಿನ ದಿನ ಎಲ್ಲರೂ ಸಲಾಮನ ಪಾತ್ರೆಯ ಸುತ್ತ ಕುಳಿತು ದಾಲ್ ತಿನ್ನುತ್ತಿದ್ದೆವು. ಡೊರೊತಿಗೆ ಕಣ್ಣು ತುಂಬಿತು.

“ಹೋಗ್ಲಿ ಬಿಡಿ. ನಮಗೆ ಆ ಸೈಟಾದ್ರೂ ಉಂಟು. ಗುಡ್ಡದ ನೆತ್ತಿ. ಬಾಗಿಲು ತೆಗೆದರೆ ಎದುರಿಗೇ ಇಗರ್ಜಿ.”

ಧನರಾಜ್ ಅಗಿಯುವುದನ್ನು ನಿಲ್ಲಿಸಿದ. “ಯಾವ ಇಗರ್ಜಿ ಬಾಯಮ್ಮ? ನೆತ್ತಿಯಲ್ಲಿ ನನ್ನ ಸೈಟು. ಎದುರಿಗೆ ಭಜನಾ ಮಂದಿರ.”

“ಅದು ಹೇಗೆ?” ಸಲಾಂ ಸೌಟು ಕೆಳಗಿಟ್ಟ. “ಬಾಂಗು ಮಲಗಿದಲ್ಲಿಗೇ ಕೇಳ್ತದೆ ಸಲಾಮಾಕ ಅಂದದ್ದು ಯಾರು? ನೆತ್ತಿಯಲ್ಲಿ ಮಸೀದಿ ಅಲ್ವಾ?”

ಎಲ್ಲರೂ ರೋಹಿದಾಸನನ್ನು ನೋಡಿದರು. ಅವನು ದಾಲಿನೊಳಗೆ ನೋಡುತ್ತಿದ್ದ.

“ನೆತ್ತಿ ದೊಡ್ಡದುಂಟು,” ಎಂದ.

“ಎಷ್ಟು ದೊಡ್ಡದು? ಮೂರು ದೇವರು ಹಿಡಿಸುವಷ್ಟಾ?” ಡೋಲ್ಫಿ ಎದ್ದು ನಿಂತ. “ಸರಿ ಹೇಳು ಮಾರಾಯ, ನೆತ್ತಿಯಲ್ಲಿ ಎಂತ ಉಂಟು?”

ಹೊರಗೆ ಮಿಲಿಟರಿ ಲಾರಿಯೊಂದು ಹೋಯಿತು. ಅದರ ಸದ್ದು ನಿಲ್ಲುವವರೆಗೆ ರೋಹಿದಾಸನಿಗೆ ಸಮಯ ಸಿಕ್ಕಿತು. ಸುಳ್ಳು ಸಿಗಲಿಲ್ಲ.

“ನಾಗರತ್ನಮ್ಮ,” ಎಂದ.

“ಅದು ಯಾವ ದೇವಸ್ಥಾನ?” ಎಂದ ಡೋಲ್ಫಿ.

“ದೇವಸ್ಥಾನ ಅಲ್ಲ ಪೊರ್ಬು. ಮುದುಕಿ. ಅಲ್ಲೇ ಇರುವವಳು. ಎಬ್ಬಿಸ್ಲಿಕ್ಕುಂಟು ಅಷ್ಟೆ.”

ಡೋಲ್ಫಿ ಬಾಯಿಗೆ ಬಂದದ್ದನ್ನೆಲ್ಲ ಕೊಂಕಣಿಯಲ್ಲಿ ಹೇಳಿದ. ಕನ್ನಡಕ್ಕೆ ತರುವಂಥದ್ದಲ್ಲ. ಕೊನೆಗೆ ಎಲ್ಲರಿಗೂ ತಿಳಿಯುವ ಒಂದು ಮಾತು ಬಂತು: “ಖಲಾಸ್! ನಿನಗೆ ಸೀಟಿಲ್ಲ. ನಿನ್ನ ಗಾರ್ಡನಿಗೆ ನಡೆದುಕೊಂಡು ಹೋಗು.”

“ಇರಾಕಿನವರು ನಮಗೆ ಮಾಡಿದ್ದೂ ಇದೇ ಅಲ್ವಾ ಪೊರ್ಬು?” ಎಂದ ಸಲಾಂ. “ಇವ ಬಂದೂಕು ಇಲ್ಲದೆ ಮಾಡಿದ್ದಾನೆ.”

ರೋಹಿದಾಸ ತಟ್ಟೆ ಹಿಡಿದುಕೊಂಡೇ ಗೋಡೆಯ ಕಡೆ ಸರಿದ. ಅವನಿಗೆ ಜೀವ ಕೊಟ್ಟದ್ದು ಧನರಾಜನ ಕ್ಯಾಷಿಯರ್ ಬುದ್ಧಿ.

“ಒಂದು ನಿಮಿಷ. ಇವ ಇಲ್ಲಿ ಸತ್ತರೆ ಜಾಗ ತೋರಿಸುವುದು ಯಾರು? ಕಂಟ್ರಾಕ್ಟರನ ಹೆಸರು ಗೊತ್ತಿರುವುದು ಇವನೊಬ್ಬನಿಗೆ.”

ಡೋಲ್ಫಿ ಕುಳಿತ. ಡೊರೊತಿ ಎದ್ದುಹೋಗಿ ರೋಹಿದಾಸನ ತಟ್ಟೆಗೆ ಇನ್ನೊಂದು ಸೌಟು ದಾಲ್ ಹಾಕಿದಳು. ಹಾಕಿ ಷರತ್ತನ್ನೂ ಹೇಳಿದಳು.

“ಮೊದಲು ಗುಡ್ಡ, ಆಮೇಲೆ ಮನೆ. ಆ ಅಮ್ಮನ ಎದುರು ನೀವೇ ಹೇಳ್ಬೇಕು, ನಿಮ್ಮ ಅಂಗಳ ಮಾರಿದ್ದು ನಾನು ಅಂತ. ಆಗ್ತದಾ?”

ರೋಹಿದಾಸ ಕಿಟಕಿಯ ಕಡೆ ನೋಡಿದ. ಕೆಳಗೆ ಸೈನಿಕರಿದ್ದರು. ಸೈನಿಕರೋ ನಾಗರತ್ನಮ್ಮನೋ ಎಂದು ಅವನು ನಿಜಕ್ಕೂ ಯೋಚಿಸುತ್ತಿದ್ದುದು ನನಗೆ ಕಾಣುತ್ತಿತ್ತು.

“ಆಗ್ತದೆ,” ಎಂದ ಕೊನೆಗೆ.

ಆ ದಾರಿಯಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಯಾವ ಶೇಖನಿಗೂ ಸಿಕ್ಕಿರಲಾರದು. ಅವನನ್ನು ವ್ಯಾನಿನ ನಡುವೆ ಕೂರಿಸಿದರು, ಬದಿಯಲ್ಲಿ ಗುಂಡು ತಾಗಬಾರದೆಂದು. ಜೋರ್ಡಾನ್ ಗಡಿಯ ಡೇರೆಗಳಲ್ಲಿ ನೀರು ಬಂದಾಗ ಮೊದಲ ಲೋಟ ಅವನಿಗೆ. ಅವನಿಗೆ ಭೇದಿ ಹತ್ತಿದಾಗ ಧನರಾಜ್ ಪಾಯಿಖಾನೆಯ ಹೊರಗೆ ಕಾವಲು ನಿಂತ. “ಬಂದ್ಯಾ? ಹೇಗುಂಟು?” ಎಂದು ಅವನು ಕೇಳುತ್ತಿದ್ದ ರೀತಿಯಲ್ಲಿ ಹೆತ್ತ ತಾಯಿಯ ಕಳವಳವಿತ್ತು. ಬೇರೆಯವರ ಆಸ್ತಿ ಕುವೈಟಿನಿಂದ ಹೇಗೆ ಹೊರಗೆ ಬಂತೋ ತಿಳಿಯದು, ನಮ್ಮವರು ಮಾತ್ರ ತಮ್ಮ ಆಸ್ತಿಗೆ ಗಂಜಿ ಕುಡಿಸುತ್ತ, ಕೈಹಿಡಿದು ನಡೆಸಿಕೊಂಡು, ಅಮ್ಮಾನಿನಿಂದ ವಿಮಾನ ಹತ್ತಿಸಿ ಬೊಂಬಾಯಿಗೆ ಇಳಿಸಿದರು. ಅಲ್ಲಿಂದ ಬಸ್ಸು. ಯಾರೂ ಮನೆಗೆ ಹೋಗಲಿಲ್ಲ.

ಮುಂಡೇಲು ಪದವಿನ ನೆತ್ತಿಯಲ್ಲಿ ಕೆಂಪು ಕಲ್ಲಿನ ಸಣ್ಣ ಮನೆ. ನಾಗರತ್ನಮ್ಮ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಬಿಸಿಲಿಗೆ ಕಪ್ಪಾಗಿ, ಗಡ್ಡ ಬೆಳೆದು ಬಂದವರನ್ನು ನೋಡಿ, ಯಾರು ಏನು ಎಂದು ಕೇಳದೆ ಬೆಲ್ಲ, ನೀರು ತಂದಿಟ್ಟಳು. ಬೆಲ್ಲ ಬಾಯಿಯಲ್ಲಿಟ್ಟುಕೊಂಡು ಜಗಳ ತೆಗೆಯುವುದು ಡೋಲ್ಫಿಗೂ ಆಗಲಿಲ್ಲ.

“ಅಮ್ಮಾ, ಈ ಜಾಗಕ್ಕೆ ನಾವು ಹಣ ಕೊಟ್ಟಿದ್ದೇವೆ,” ಎಂದ ಮೆಲ್ಲಗೆ.

“ನನ್ನ ಹತ್ರ ಕೊಟ್ಟಿದ್ದೀರಾ?”

“ಇಲ್ಲ.”

“ಮತ್ತೆ?”

ಡೊರೊತಿ ರೋಹಿದಾಸನ ಬೆನ್ನಿಗೆ ಒಂದು ತಿವಿತ ಕೊಟ್ಟಳು. ಅವನು ಮುಂದೆ ಬಂದು, ತಲೆ ತಗ್ಗಿಸಿ, ಶೋರೂಮಿನ ಒಳ್ಳೆಯ ದನಿಯಲ್ಲಿ ಹೇಳಿದ: “ಅಮ್ಮ, ನಿಮ್ಮ ಅಂಗಳವನ್ನು ಇವರಿಗೆ ಮಾರಿದ್ದು ನಾನು.”

ನಾಗರತ್ನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀವು ಯಾವ ಕಡೆಯವರು?”

“ಕುವೈಟ್.”

“ಹಾಗಾದ್ರೆ ನೀವು ಬೇರೆ. ಹೋದ ತಿಂಗಳು ದುಬೈಯವರು ಬಂದಿದ್ರು. ಅಳೆಯಲಿಕ್ಕೆ ತಂದ ಹಗ್ಗ ಬಿಟ್ಟು ಹೋದ್ರು, ಬಟ್ಟೆ ಒಣಗಿಸಲಿಕ್ಕಾಯಿತು. ಅದಕ್ಕಿಂತ ಮೊದಲು ಮಸ್ಕತ್ತಿನವರು. ಅವರಿಗೂ ಇದೇ ಮೂಲೆ ಬೇಕಂತೆ.”

ರೋಹಿದಾಸನ ಮುಖ ಕೆಂಪಾಯಿತು. ಎಷ್ಟೋ ಶುಕ್ರವಾರಗಳಲ್ಲಿ ಒಮ್ಮೆಯೂ ಬಾರದ ಧರ್ಮಕೋಪ ಅವನಿಗೆ ಈಗ ಬಂತು.

“ದುಬೈಯವರಿಗಾ? ಆ ಕಂಟ್ರಾಕ್ಟರನಿಗೆ ನಾಚಿಕೆ ಇಲ್ವಾ? ಇನ್ನೊಬ್ಬರ ಜಾಗವನ್ನು ಮಾರುವುದಾ!”

ಮೊದಲು ನಕ್ಕದ್ದು ನಾಗರತ್ನಮ್ಮ. ಆಮೇಲೆ ಸಲಾಂ. ಡೋಲ್ಫಿ ನಗಬಾರದೆಂದು ಹಲ್ಲು ಕಚ್ಚಿ ನಿಂತಿದ್ದವನು ತಾಳಲಾರದೆ ಮೆಣಸಿನ ಪಕ್ಕದಲ್ಲೇ ಕುಳಿತುಬಿಟ್ಟ. ರೋಹಿದಾಸ ಒಬ್ಬನೇ ನಗಲಿಲ್ಲ. ಅವನು ನಿಜಕ್ಕೂ ನೊಂದಿದ್ದ.