ಯಾವ ಹೆಸರು ಹಾಕಿಸ್ಲಿ, ಮೇಷ್ಟ್ರೇ?

ತ್ಯಾಗರಾಜನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲೆ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಂಥ ಮೆಟ್ಟಿಲ ತುದಿಯಲ್ಲಿ, ಕಮಲಾದೇವಿಯವರ ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ಇದೆ. ಅವರ ಮಾವನವರ ಕಾಲದಲ್ಲಿ ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಈಗಲೂ ಹಿಂದಿನ ಕೋಣೆಯಲ್ಲಿ ಆರು ಟೈಪ್‌ರೈಟರುಗಳಿವೆ. ಪರೀಕ್ಷೆಗೆ ಕಟ್ಟಿದವರು ಬಂದು ಕುಟ್ಟಿ ಹೋಗುತ್ತಾರೆ. ಮುಂದಿನ ಕೋಣೆ ರಾಮಪ್ರಸಾದ ಮೇಷ್ಟ್ರದು. ಅಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ವೆಬ್ ಡಿಸೈನ್ ಹೇಳಿಕೊಡುತ್ತಿದ್ದಾರೆ.

ಮೇಷ್ಟ್ರ ಪದ್ಧತಿ ಸರಳ. ಪ್ರೋಗ್ರಾಂ ಯಾವುದೇ ಇರಲಿ, ಮೊದಲು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಬಲಗಡೆಯ ಗೆರೆ ಹಾಳೆಯಲ್ಲಿ ಕೋಡು, ಎಡಗಡೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಅದರ ಔಟ್‌ಪುಟ್ಟು. ಮೇಷ್ಟ್ರ ಸಹಿ ಬಿದ್ದ ಮೇಲೆಯೇ ಕಂಪ್ಯೂಟರ್ ಮುಟ್ಟಬೇಕು. ಈ ಕ್ರಮದಲ್ಲಿ ಪ್ರೋಗ್ರಾಂ ಓಡುವುದಕ್ಕೆ ಮೊದಲೇ ಅದರ ಫಲಿತಾಂಶ ಬಂದುಬಿಡುತ್ತದೆ ಎಂಬುದನ್ನು ಕೆಲವು ಕಿಡಿಗೇಡಿ ವಿದ್ಯಾರ್ಥಿಗಳು ಎತ್ತಿ ತೋರಿಸಿದ್ದುಂಟು. ಮೇಷ್ಟ್ರು ಅದನ್ನು ಮನಸ್ಸಿಗೆ ಹಾಕಿಕೊಂಡವರಲ್ಲ.

ಒಂದು ಸೋಮವಾರ ಕಮಲಾದೇವಿ ಫೋನ್ ಕೆಳಗಿಟ್ಟು ಅವರನ್ನು ಕರೆದರು.

"ಮೇಷ್ಟ್ರೇ, ಫೋನ್ ಮಾಡೋರೆಲ್ಲ ಫ್ರಂಟ್‌ಎಂಡ್ ಇದೆಯಾ ಅಂತಾರೆ. ಇದೆ ಅಂದ್ಬಿಟ್ಟಿದ್ದೀನಿ."

"ನಾವು ಮಾಡ್ತಿರೋದೂ ವೆಬ್‌ಸೈಟಿನ ಮುಂದಿನ ಭಾಗವೇ ಅಲ್ವಾ ಮೇಡಂ? ಹಿಂದಿನದು ಯಾವತ್ತು ಮಾಡಿದ್ವಿ?"

"ನಮ್ಮದು ಹಳೇದಂತೆ. ಈಗ ರಿಯಾಕ್ಟ್, ವ್ಯೂ, ಆಂಗ್ಯುಲರ್, ಇನ್ನೊಂದೇನೋ ಸ್ವೆಟರ್ ಥರ ಹೆಸರು. ಶುಕ್ರವಾರ ಬೋರ್ಡ್ ಬರೆಯೋಕೆ ಕೊಡ್ಬೇಕು. ಯಾವ ಹೆಸರು ಹಾಕಿಸ್ಲಿ ಹೇಳಿ. ಒಂದೇ ಹೆಸರು. ಎಲ್ಲಾ ಬರೆಸಿದ್ರೆ ಹೋಟೆಲ್ ಮೆನು ಥರ ಕಾಣುತ್ತೆ."

ಆಮೇಲೆ ಕ್ಯಾಲೆಂಡರಿನ ಕಡೆ ನೋಡುತ್ತ ಇನ್ನೊಂದು ಮಾತು ಸೇರಿಸಿದರು. ಬಿಟಿಎಂ ಲೇಔಟಿನಿಂದ ವಿಶ್ರುತ್ ಅಂತ ಒಬ್ಬ ಹುಡುಗ ಅರ್ಜಿ ಹಾಕಿದ್ದಾನೆ, ಶುಕ್ರವಾರ ಡೆಮೊ ಕ್ಲಾಸು. "ನಿಮಗೆ ಕಷ್ಟ ಅನ್ಸಿದ್ರೆ ಅವನು ಈ ಕ್ಲಾಸ್ ನೋಡ್ಕೋತಾನೆ. ನೀವು ಹಿಂದಿನ ರೂಮ್ ನೋಡ್ಕೊಳ್ಳಿ. ಸಂಬಳಕ್ಕೇನೂ ತೊಂದರೆ ಇಲ್ಲ."

ಹಿಂದಿನ ಕೋಣೆಯಲ್ಲಿ ಮೇಷ್ಟ್ರಾದವರು ಮಾಡಬೇಕಾದ್ದು ಗಡಿಯಾರ ನೋಡಿ ಗಂಟೆ ಬಾರಿಸುವುದಷ್ಟೇ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಕೇಳಿದರೂ ಸದ್ದಿನಲ್ಲಿ ಕೇಳಿಸುವುದಿಲ್ಲ. ರಾಮಪ್ರಸಾದರಿಗೆ ಸಂಬಳದ ಚಿಂತೆ ಇರಲಿಲ್ಲ. ಮಕ್ಕಳು ಮುಖ ಗಂಟಿಕ್ಕಿಕೊಂಡು ಕುಳಿತಿದ್ದು, ಒಂದು ಗಳಿಗೆಯಲ್ಲಿ "ಓ, ಹಾಗಾ" ಎನ್ನುತ್ತಾರಲ್ಲ, ಅದು ಕೈಬಿಟ್ಟು ಹೋದರೆ ಮುಂದೇನು ಎಂಬುದು ಅವರಿಗೆ ತೋಚಲಿಲ್ಲ. ಶುಕ್ರವಾರದೊಳಗೆ ಒಂದು ಹೆಸರು ಹೇಳಲೇಬೇಕು, ಹೇಳಿದ್ದನ್ನು ಕಲಿಸಲೂ ಬರಬೇಕು.

ಮಂಗಳವಾರ ಅವರು ಹಳೆಯ ವಿದ್ಯಾರ್ಥಿನಿ ಪ್ರಿಯಾಂಕಾಳನ್ನು ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಗೆ ಕರೆಸಿಕೊಂಡರು. ಅವಳಿಗೆ ಜೆ.ಪಿ. ನಗರದ ಕಂಪನಿಯೊಂದರಲ್ಲಿ ಇದೇ ಕೆಲಸ. ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿ ಮೇಷ್ಟ್ರು ಪೆನ್ನು ತೆಗೆದರು.

"ವೆಬ್‌ಸೈಟ್ ಕಟ್ಟೋಕೆ ಯಾವ ಫ್ರೇಮ್‌ವರ್ಕ್ ಒಳ್ಳೇದಮ್ಮ?"

"ರಿಯಾಕ್ಟ್ ಸಾರ್. ಆದ್ರೆ ಅದು ಫ್ರೇಮ್‌ವರ್ಕ್ ಅಲ್ಲ, ಲೈಬ್ರರಿ."

ಮೇಷ್ಟ್ರು ಬರೆದದ್ದನ್ನು ಹೊಡೆದುಹಾಕಿದರು. "ಹಾಗಾದ್ರೆ ಫ್ರೇಮ್‌ವರ್ಕ್ ಯಾವುದು?"

"ನೆಕ್ಸ್ಟ್."

"ರಿಯಾಕ್ಟ್ ಮುಗೀತಲ್ಲ, ನೆಕ್ಸ್ಟ್ ಹೇಳು."

"ಅದೇ ಸಾರ್, ನೆಕ್ಸ್ಟ್."

"ಬರ್ಕೋತಾ ಇದೀನಮ್ಮ, ಹೇಳು."

"ಅದರ ಹೆಸರೇ ನೆಕ್ಸ್ಟ್ ಸಾರ್. ರಿಯಾಕ್ಟ್ ಮೇಲೆ ಕಟ್ಟಿರೋದು. ವ್ಯೂ ಮೇಲೆ ಕಟ್ಟಿರೋದು ನಕ್ಸ್ಟ್."

"ನೆಕ್ಸ್ಟು, ನಕ್ಸ್ಟು. ನಿಕ್ಸ್ಟ್ ಅಂತ ಇನ್ನೊಂದು ಇಲ್ವಲ್ಲ?"

"ನೆಸ್ಟ್ ಇದೆ. ಅದು ಬ್ಯಾಕೆಂಡು, ನಿಮಗೆ ಬೇಡ. ಓಡಿಸೋಕೆ ವೀಟ್ ಹಾಕ್ಕೊಳ್ಳಿ."

"ಗೋಧಿ?"

"ಫ್ರೆಂಚ್ ಪದ ಸಾರ್. ಬೇಗ ಅಂತ ಅರ್ಥ."

ಬೇಗ ಎಂಬ ಪದವನ್ನು ಮೇಷ್ಟ್ರು ಬಹಳ ನಿಧಾನವಾಗಿ ಬರೆದುಕೊಂಡರು. ಇವಕ್ಕೆಲ್ಲ ಎಷ್ಟು ಕೊಡಬೇಕು ಎಂದು ಕೇಳಿದಾಗ ಅವಳು ನಕ್ಕಳು. "ಎಲ್ಲಾ ಓಪನ್ ಸೋರ್ಸ್ ಸಾರ್, ಫ್ರೀ. ಬೇಕಾದ್ರೆ ಒಳಗೆ ಹೇಗೆ ಬರೆದಿದ್ದಾರೆ ಅಂತಾನೂ ಬಿಚ್ಚಿ ನೋಡ್ಬಹುದು."

"ಬಿಟ್ಟಿ ಕೊಡೋಕೆ ಇಷ್ಟೊಂದು ಜನ ಯಾಕಮ್ಮ ಪೈಪೋಟಿಗೆ ಬಿದ್ದಿದ್ದಾರೆ?"

"ಗೊತ್ತಿಲ್ಲ ಸಾರ್. ನಮ್ಮಾಫೀಸಲ್ಲೂ ಊಟಕ್ಕೆ ಕೂತ್ರೆ ಇದೇ ಜಗಳ."

ಬುಧವಾರ ಮಧ್ಯಾಹ್ನ ಮೇಷ್ಟ್ರು ಪ್ರಯೋಗಕ್ಕೆ ಕುಳಿತರು. ಒಂದೇ ಚಿಕ್ಕ ಪ್ರೋಗ್ರಾಂ: 'ಇಡ್ಲಿ' ಎಂಬ ಬಟನ್ ಒತ್ತಿದರೆ ಪ್ಲೇಟುಗಳ ಲೆಕ್ಕ ಒಂದು ಏರಬೇಕು. ಅದನ್ನೇ ನಾಲ್ಕು ಬಗೆಯಲ್ಲಿ ಬರೆದು, ಯಾವುದು ರೆಕಾರ್ಡಿನಲ್ಲಿ ಎಷ್ಟು ಹಾಳೆ ತಿನ್ನುತ್ತದೆ ನೋಡುವುದು. ಮೊದಲ ಆಜ್ಞೆ ಕೊಟ್ಟಿದ್ದೇ ತಡ, ಕಂಪ್ಯೂಟರು ಎಲ್ಲೆಲ್ಲಿಂದಲೋ ಸಾವಿರಾರು ಫೈಲುಗಳನ್ನು ಇಳಿಸಿಕೊಳ್ಳತೊಡಗಿತು. ಒಂದು ಪ್ಲೇಟ್ ಇಡ್ಲಿಗೆ ಇಡೀ ಯಶವಂತಪುರದ ಮಂಡಿಯೇ ಮನೆಗೆ ಬಂದಂತಾಯಿತು. ಮೇಷ್ಟ್ರು ಗಾಬರಿಯಿಂದ ಎರಡು ಫೈಲು ಅಳಿಸಿದರು. ಏನೂ ಆಗಲಿಲ್ಲ. ಇನ್ನೊಂದು ಅಳಿಸಿದರು. ಇಡ್ಲಿಯೇ ಹೋಯಿತು.

ಗುರುವಾರ ಸಂಜೆಯ ಹೊತ್ತಿಗೆ ಹೇಗೋ ನಾಲ್ಕೂ ಓಡಿದವು. ಕಮಲಾದೇವಿಯವರ 'ಸ್ವೆಟರ್', ಅಂದರೆ ಸ್ವೆಲ್ಟ್, ಮುಕ್ಕಾಲು ಹಾಳೆ. ವ್ಯೂ ಒಂದು ಹಾಳೆ. ನೋಟ, ನಡತೆ, ಬಣ್ಣ ಮೂರೂ ಒಂದೇ ಫೈಲಿನಲ್ಲಿ, ಒಂದರ ಕೆಳಗೊಂದು, ಮೇಷ್ಟ್ರಿಗೆ ಹೇಳಿ ಮಾಡಿಸಿದ ಹಾಗೆ. ರಿಯಾಕ್ಟ್ ಕೂಡ ಒಂದೇ ಹಾಳೆ, ಆದರೆ ಬಣ್ಣವನ್ನು ಎಲ್ಲಿಡಬೇಕು ಎಂಬುದಕ್ಕೆ ಯೂಟ್ಯೂಬಿನಲ್ಲಿ ಹತ್ತು ಜನ ಹತ್ತು ಜಾಗ ಹೇಳಿದರು. ಆಂಗ್ಯುಲರ್ ಮೂರು ಹಾಳೆ. ಆದರೂ ಯಾವ ಕಾಗದ ಯಾವ ಕಡತಕ್ಕೆ ಎಂಬುದು ಮೊದಲೇ ನಿಗದಿ, ಒಳ್ಳೆಯ ಸರ್ಕಾರಿ ಕಚೇರಿಯಂತೆ. ಹೀಗೆ ನೋಡಿದರೆ ಹಾಳೆ ಲೆಕ್ಕದಲ್ಲಿ ಸ್ವೆಲ್ಟ್, ಮನಸ್ಸಿನ ಲೆಕ್ಕದಲ್ಲಿ ವ್ಯೂ, ಶಿಸ್ತಿನ ಲೆಕ್ಕದಲ್ಲಿ ಆಂಗ್ಯುಲರ್. ಕಮಲಾದೇವಿಯವರ ವಿಚಾರಣೆ ಪುಸ್ತಕ ತೆರೆದರೆ ರಿಯಾಕ್ಟ್ ಕೇಳಿದವರು ಹತ್ತೊಂಬತ್ತು ಮಂದಿ, ವ್ಯೂ ಒಬ್ಬರು. ಆ ಒಬ್ಬರು ಕೇಳಿದ್ದು 'ಇನ್‌ಸ್ಟಿಟ್ಯೂಟ್ ವ್ಯೂ ಮಾಡೋಕೆ ಯಾವಾಗ ಬರಲಿ' ಎಂದು ಆಮೇಲೆ ತಿಳಿಯಿತು.

ಶುಕ್ರವಾರ ವಿಶ್ರುತ್ ಬಂದ. ವಿಚಾರಿಸಿ ಹೋಗಿದ್ದ ಆರು ಜನರನ್ನು ಕಮಲಾದೇವಿ ಕರೆಸಿ ಕೂರಿಸಿದ್ದರು, ತಾವು ಬಾಗಿಲ ಬಳಿ ನಿಂತರು. ಮೇಷ್ಟ್ರು ಮುಂದಿನ ಬೆಂಚಿನ ತುದಿಯಲ್ಲಿ ಅರ್ಧ ಕುಳಿತರು. ಹುಡುಗ ಒಳ್ಳೆಯವನೇ, ಆದರೆ ಮಾತು ಮಳೆ ಹುಯ್ದ ಹಾಗೆ. ಹತ್ತು ನಿಮಿಷದಲ್ಲಿ ಪರದೆಯ ಮೇಲೆ ಒಂದು ಹೋಟೆಲಿನ ವೆಬ್‌ಸೈಟ್ ಎದ್ದು ನಿಂತಿತು. ಅರ್ಥ ಆಗ್ತಿದೆಯಾ ಎಂದಾಗಲೆಲ್ಲ ಆರೂ ಜನ ಚೆನ್ನಾಗಿ ತಲೆಯಾಡಿಸಿದರು.

"ಫೋಲ್ಡರ್ ಎಲ್ಲಾ ಕೆಲಸದ ಪ್ರಕಾರ ಮಾಡ್ತೀವಿ," ಎಂದ ವಿಶ್ರುತ್. "ಆರ್ಡರ್‌ಗೆ ಬೇಕಾಗಿದ್ದು ಆರ್ಡರ್ ಒಳಗೆ, ಬಿಲ್‌ಗೆ ಬೇಕಾಗಿದ್ದು ಬಿಲ್ ಒಳಗೆ. ಸಿಂಪಲ್."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಈ ಬಟನ್ ಎರಡು ಕಡೆನೂ ಬೇಕಲ್ಲಪ್ಪ. ಅದನ್ನ ಎಲ್ಲಿಡ್ತೀರಿ?"

"ಅದಕ್ಕೆ ಕಾಮನ್ ಅಂತ ಒಂದು ಫೋಲ್ಡರ್ ಸಾರ್."

"ತಾರೀಖು ತೋರಿಸೋದು?"

"ಅದೂ ಕಾಮನ್."

"ಯಾವುದಕ್ಕೂ ಸೇರದೆ ಇರೋದು?"

"ಅದೂ ಅಲ್ಲೇ."

"ಆಮೇಲೆ ಅದನ್ನ ಯಾರಾದ್ರೂ ಚೊಕ್ಕಟ ಮಾಡ್ತಾರಾ?"

"ಇಲ್ಲ ಸಾರ್. ಯಾವುದನ್ನ ಯಾರು ಬಳಸ್ತಿದ್ದಾರೋ ಗೊತ್ತಿರಲ್ಲ. ಮುಟ್ಟೋಕೆ ಭಯ."

"ಅಂದ್ರೆ ಅಟ್ಟ."

ವಿಶ್ರುತ್ ಪರದೆ ನೋಡಿದ, ಮೇಷ್ಟ್ರನ್ನು ನೋಡಿದ. "ಹೌದು ಸಾರ್. ಅಟ್ಟನೇ."

"ನಮ್ಮನೆ ಅಟ್ಟದಲ್ಲಿ ನನ್ನ ತೊಟ್ಟಿಲು ಇನ್ನೂ ಇದೆ," ಎಂದಳು ಹಿಂದಿನ ಬೆಂಚಿನ ಐಶ್ವರ್ಯ. "ಬಿಸಾಕಣ ಅಂದ್ರೆ ಅಜ್ಜಿ ಬಿಡಲ್ಲ." ಕೋಣೆ ನಕ್ಕಿತು. ನಕ್ಕ ಬಾಯಿ ಮುಚ್ಚುವ ಮೊದಲೇ ಅವಳು ಕೇಳಿದಳು, "ಸಾರ್, ಫೋಲ್ಡರ್ ಬಿಡಿ. ಕಾಂಪೊನೆಂಟ್ ಅಂದ್ರೇನು?"

ವಿಶ್ರುತ್ ಅದನ್ನು ಹೇಳಿ ಹದಿನೆಂಟು ನಿಮಿಷವಾಗಿತ್ತು. ಉಳಿದ ಐವರೂ ತಮಗೂ ಅದು ಬೇಕಿತ್ತು ಎಂಬಂತೆ ಕುತ್ತಿಗೆ ಮುಂದೆ ಚಾಚಿದರು. ಒಬ್ಬನಿಗೆ ಲ್ಯಾಪ್‌ಟಾಪ್ ತೆರೆದಾಗಿನಿಂದಲೇ ದಾರಿ ತಪ್ಪಿತ್ತಂತೆ. ಇಪ್ಪತ್ತು ನಿಮಿಷದ ಡೆಮೊ ಒಂದೂವರೆ ಗಂಟೆ ನಡೆಯಿತು, ಬಟನ್ನಿನಿಂದ ಆಚೆಗೆ ಹೋಗಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ಕಮಲಾದೇವಿ ಕೇಳಿದರು. "ಹೆಸರು ಹೇಳಿ ಮೇಷ್ಟ್ರೇ. ಬೋರ್ಡಿನವನು ಕಾಯ್ತಿದ್ದಾನೆ."

"ನನಗೆ ವ್ಯೂ ಇಷ್ಟ ಮೇಡಂ. ಕೇಳ್ಕೊಂಡು ಬರೋದು ರಿಯಾಕ್ಟ್. ಯಾಕೆ ಅಂತ ನಾಲ್ಕು ದಿನ ಒದ್ದಾಡಿದ್ರೂ ತಿಳೀಲಿಲ್ಲ. ಹಿಂದಿನ ರೂಮ್ ಬೀಗದ ಕೈ ಕೊಡಿ."

"ರಿಯಾಕ್ಟ್ ಅಂತ ಬರೆಸ್ತೀನಿ. ಆ ಹುಡುಗ ಹೇಳ್ಕೊಡ್ಲಿ. ನೀವು ಕೇಳಿದ್ಮೇಲೇ ಉಳಿದೋರೂ ಬಾಯಿ ಬಿಟ್ಟಿದ್ದು. ನೀವು ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನಿಮಗೆ ಅರ್ಥ ಆಗೋವರೆಗೂ ಅವನು ಮುಂದಕ್ಕೆ ಹೋಗ್ಕೂಡ್ದು."

"ನನಗೆ ಬಹಳ ನಿಧಾನ ಆಗುತ್ತೆ ಮೇಡಂ."

"ನೋಡಿದ್ನಲ್ಲ. ಅದಕ್ಕೇ ಮೂರು ತಿಂಗಳ ಕೋರ್ಸನ್ನ ಆರು ತಿಂಗಳು ಮಾಡಿದೀನಿ."

ಹೀಗೆ ರಾಮಪ್ರಸಾದ ಮೇಷ್ಟ್ರಿಗೆ ಕೋಣೆ ಉಳಿಯಿತು, ಕುರ್ಚಿ ಹೋಯಿತು. ಇದನ್ನು ಬಡ್ತಿ ಎನ್ನಬೇಕೋ ಹಿಂಬಡ್ತಿ ಎನ್ನಬೇಕೋ ಅವರಿಗೆ ಇನ್ನೂ ಗೊತ್ತಾಗಿಲ್ಲ. ಮನೆಯಲ್ಲಿ ಹೆಂಡತಿ ಸೀತಾಲಕ್ಷ್ಮಿ ಕೇಳಿದರೆ "ಹೊಸ ಬ್ಯಾಚು" ಎಂದಷ್ಟೇ ಹೇಳುತ್ತಾರೆ.

ಮುಂದಿನ ವಾರ ಪಾಠ ಶುರುವಾಯಿತು. ಮೂರನೆಯ ದಿನ ವಿಶ್ರುತ್, ಬಟನ್ನಿನಂಥ ಒಂದು ಕಾಂಪೊನೆಂಟ್ ತನ್ನ ಲೆಕ್ಕವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ವಿವರಿಸಿದ. ಮೇಷ್ಟ್ರಿಗೆ ಥಟ್ಟನೆ ಎಲ್ಲ ತಿಳಿಯಿತು. ಬುಧವಾರ ಆ ನೆನಪಿನ ಫೈಲು ಅಳಿಸಿದ್ದಕ್ಕೇ ಇಡ್ಲಿ ಹೋಯಿತು ಎಂಬುದು ಕೂಡ.

"ಅರ್ಥ ಆಯ್ತಾ?" ಎಂದ ವಿಶ್ರುತ್.

ಆರೂ ಜನ ತಲೆಯಾಡಿಸಿದರು. ಐಶ್ವರ್ಯಳ ಪೆನ್ನು ಅರ್ಧ ಸಾಲಿನಲ್ಲಿ ನಿಂತಿತ್ತು. ವಿಶ್ರುತ್ ಮೇಷ್ಟ್ರ ಕಡೆ ತಿರುಗಿದ. "ನಿಮಗೆ, ಸಾರ್?"

ಮೇಷ್ಟ್ರು ಹಿಂದಿನ ಬೆಂಚಿನ ಆ ಪೆನ್ನನ್ನು ತಿರುಗಿ ನೋಡಿ ಹುಬ್ಬು ಗಂಟಿಕ್ಕಿಕೊಂಡರು.

"ಇಲ್ಲಪ್ಪ," ಎಂದರು. "ಇನ್ನೊಂದ್ಸಲ ಹೇಳು. ಮೊದಲಿಂದ."