ಅಂಗಾತ ಅಂಟಿಸಿದ ಮುಖ

ನನ್ನ ಗಂಡ ನಾಟಕ ಕಂಪನಿಯಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ. ಮಗಳು ಹೊಟ್ಟೆಯಲ್ಲಿದ್ದಾಗ ಸತ್ತ. ಫೋಟೋ ಇದ್ದವು, ಎಲ್ಲದರಲ್ಲೂ ಸೀರೆ, ಬಣ್ಣ. ಬಣ್ಣ ಇಲ್ಲದ ಮುಖ ಅಂದರೆ ಪರದೆ ಬರೆಯುವವನು ಗಾಳಿಪಟದ ತೆಳು ಕಾಗದದ ಮೇಲೆ ಬರೆದುಕೊಟ್ಟ ಒಂದೇ ಚಿತ್ರ. ಟ್ರಂಕಿನಲ್ಲಿ ಅದೂ ಪುಡಿಯಾಗುತ್ತಿತ್ತು.

ಅದನ್ನು ಉಳಿಸಬೇಕೆಂದು ಮಗಳು, ಅಮೆರಿಕದಲ್ಲಿ ತಾನಿರುವ ಸಮಾಮಿಶ್‌ನಿಂದ ಕೆನ್ಮೋರ್ ಅನ್ನುವ ಊರಿಗೆ ಕಾರಿನಲ್ಲಿ ಕರೆದೊಯ್ದಳು. ಅಲ್ಲೊಬ್ಬ ಜಪಾನಿ ಮುದುಕ ಕಟ್ಟಿಗೆ ಕೆತ್ತಿ ಚಿತ್ರ ಅಚ್ಚು ಹಾಕುತ್ತಾನೆ. ಗೋಡೆ ತುಂಬ ಅವರ ನಾಡಿನ ಹಳೇ ನಟರ ಚಿತ್ರ. ತಿಳಿನೀಲಿ ಉಟ್ಟವಳನ್ನು ಹೆಂಗಸು ಅಂದುಕೊಂಡೆ, ಗಂಡಸಂತೆ. ಆ ನಟ ಸತ್ತ ಕೂಡಲೇ, ಅವನ ನಾಟಕ ನೋಡಿದವರು ಕೊಳ್ಳಲಿ ಅಂತ ಅವಸರದಲ್ಲಿ ಅಚ್ಚು ಹಾಕಿದ್ದಂತೆ. ಅದಕ್ಕೆ ಬೆನ್ನು ಮಾಡಿ ಕೂತೆ.

ಮುದುಕ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳಿದಳು. ಚಿತ್ರವನ್ನು ಹಲಗೆಗೆ ಬೋರಲು ಅಂಟಿಸಬೇಕು. ಹಿಂದಿನಿಂದ ಗೆರೆ ಕಾಣುತ್ತವೆ, ಗೆರೆ ಬಿಟ್ಟು ಉಳಿದದ್ದು ಕೆತ್ತುತ್ತಾರೆ. ಚಿತ್ರ ಚಕ್ಕೆಯ ಜೊತೆ ಹೋಗುತ್ತದೆ.

"ಕೊಡ್ಲೇನವ್ವ?"

"ಕೊಡು. ಹೆಂಗೂ ಹೋಗೂದs."

ಮುದುಕ ಹಲಗೆಗೆ ಅಂಟು ಬಳಿದು, ನಿನ್ನ ಕೈಯಾರೆ ಅಂಟಿಸು ಅಂತ ಸನ್ನೆ ಮಾಡಿ, ಮಗಳಿಗೆ ಕಾಗದ ತೋರಿಸಲು ಒಳಗೆ ಹೋದ. ನಮ್ಮಲ್ಲಿ ಹೆಣವನ್ನೂ ಬೋರಲು ಮಲಗಿಸುವುದಿಲ್ಲ. ಮುಖ ಮೇಲೆ ಮಾಡಿ ಅಂಟಿಸಿಬಿಟ್ಟೆ.

ಮುದುಕ ಬಂದು ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಮಗಳು ಹಲಗೆ ನೋಡಿದಳು. "ಏನ್ ಮಾಡಿದಿ ಅವ್ವ? ಕಿತ್ತರ ಹರೀತದ. ಹಿಂಗs ಕೆತ್ತಿದರ ಅಚ್ಚಿನಾಗ ಎಡಕ್ಕಿದ್ದದ್ದು ಬಲಕ್ಕ ಬರ್ತದ. ನನಗ ಇದ್ದದ್ದs ಇದೊಂದು."

"ನಿಮ್ಮಪ್ಪನ್ನ ಡಬ್ಬ ಮಲಗಿಸ್ಲೇನು?"

"ಅವರು ಹತ್ತು ಸಲ ಹೇಳಿದರಲ್ಲ."

"ಹತ್ತೂ ಸಲ ಇಂಗ್ಲಿಷಿನಾಗ ಹೇಳ್ಯಾನ" ಅಂತ ಜಾರಿಕೊಂಡೆ.

ಮುದುಕ ಹಾಗೇ ಕೆತ್ತಿದ. ತಿಂಗಳ ಮೇಲೆ ಹೋದೆವು. ಮಸಿ ಸವರಿ, ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಉಜ್ಜಿ ಎತ್ತಿದ. ಎಡಗೆನ್ನೆಯ ಮಚ್ಚೆ ಬಲಕ್ಕೆ ಬಂದಿತ್ತು.

ಮಗಳು ನನ್ನನ್ನೇ ನೋಡಿದಳು. "ಅವ್ವ, ಅಪ್ಪ ಹಿಂಗಿದ್ದನೇನು?"

ಆ ಕಾಲದಲ್ಲಿ ಗಂಡನ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಬಣ್ಣದ ಕೋಣೆಯಲ್ಲಿ ಅವನ ಹಿಂದೆ ಕೂತು ಅವನು ತಲೆಗೆ ಹಾಕಿಕೊಂಡ ಟೋಪನ್ನಿನ ಸುಳ್ಳುಗೂದಲಿಗೆ ಜಡೆ ಹೆಣೆಯುವಾಗ, ಎದುರಿನ ಕನ್ನಡಿಯಲ್ಲಿ ನೋಡುತ್ತಿದ್ದೆ. ಮಚ್ಚೆ ಬಲಕ್ಕೇ ಇರುತ್ತಿತ್ತು.

"ಹಿಂಗs ಇದ್ದ" ಅಂದೆ. ಅವಳು ಅತ್ತಳು.

ಈಗ ಅದು ಹಾಲ್‌ನ ಗೋಡೆ ಮೇಲಿದೆ. ಎದುರು ಹೋದರೆ ಅದೇ ಕನ್ನಡಿ, ಅದೇ ಮುಖ. ಹಾಗಾದರೆ ನನಗೂ ಅದಕ್ಕೂ ನಡುವೆ ಅವನ ಬೆನ್ನು ಇರಬೇಕು. ಒಂದು ಸಲ ಕೈ ಚಾಚಿ ನೋಡಿದೆ. ಏನೂ ಇಲ್ಲ. ಆದರೂ ಅಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಸುತ್ತುಹಾಕಿ ಹೋಗುತ್ತೇನೆ.